1817ರ ಮುಂಬೈ ಫ್ರಿಗೇಟ್ ಟ್ರಿಂಕೋಮಲಿ, 1:72 ಮಾದರಿ: ಮರ, ಹಲಗೆ, ತಾಮ್ರ, ಹಗ್ಗ

ಹೊಸಹಾಯಿ:
ಎಚ್‌ಎಂಎಸ್ ಟ್ರಿಂಕೋಮಲಿ ಎಂಬ ಬ್ರಿಟಿಷ್ ಫ್ರಿಗೇಟನ್ನು (ಹಾಯಿ ಯುದ್ಧಹಡಗು) ಕಿಟ್ ಇಲ್ಲದೆ, ನಕ್ಷೆ ನೋಡಿಕೊಂಡೇ 1:72ರಲ್ಲಿ ಕಟ್ಟುವ ತಯಾರಿ ನಡೆದಿದೆ. ಬಲ್ಕ್‌ಹೆಡ್‌ಗಳ (ಒಡಲಿಗೆ ಆಕಾರ ಕೊಡುವ ಅಡ್ಡ ತಟ್ಟೆಗಳು) ಮೇಲೆ ಎರಡು ಪದರ ಹಲಗೆ ಹೊದಿಸುವ ಪದ್ಧತಿ. ಕೇಳಬೇಕಾದ್ದು ಇಷ್ಟು. ಅಸಲಿ ಹಡಗು ಸಾಗುವಾನಿಯದು, ಹಾಗಾದರೆ ಮಾದರಿಗೂ ಸಾಗುವಾನಿಯನ್ನೇ ಬಳಸಬಹುದೇ? ಅಭ್ಯಾಸಕ್ಕೆ ಮಾಡಿದ ಅರ್ಧ ಒಡಲಿನಲ್ಲಿ ಮೂತಿಯ ಹತ್ತಿರ ಹಲಗೆಗಳು ಮೇಲಕ್ಕೇರಿ ಒಂದರ ಮೇಲೊಂದು ಕೂರುತ್ತಿವೆ, ಕಾರಣವೇನು? ತಳಕ್ಕೆ ತಾಮ್ರದ ತಗಡು ಯಾವ ಅಳತೆಯದು, ಎಷ್ಟು ಬೇಕು? ಮಾದರಿ ಇರುವುದು ಮಂಗಳೂರಿನಲ್ಲಿ. ಮಳೆಗಾಲದ ತೇವಕ್ಕೆ ಮೊದಲೇ ಏನು ಎಚ್ಚರಿಕೆ ತೆಗೆದುಕೊಳ್ಳಬೇಕು?

ಕೂವೆಕಂಬ:
ಮರಕ್ಕಿಂತ ಮೊದಲು ವರ್ಷ ಗೊತ್ತುಮಾಡಿಕೊಳ್ಳಿ. ಜಮ್‌ಶೆಟ್‌ಜೀ ಬೊಮನ್‌ಜೀ ವಾಡಿಯಾ ಅವರ ಉಸ್ತುವಾರಿಯಲ್ಲಿ ಮುಂಬೈ ಹಡಗುಕಟ್ಟೆಯಿಂದ 1817ರ ಅಕ್ಟೋಬರ್‌ನಲ್ಲಿ ನೀರಿಗಿಳಿದ ಟ್ರಿಂಕೋಮಲಿ ಒಂದು ರೂಪ. 1840ರ ದಶಕದಲ್ಲಿ ಅದನ್ನು ಕಾರ್ವೆಟ್ (ಫ್ರಿಗೇಟ್‌ಗಿಂತ ಕಿರಿಯ ದರ್ಜೆಯ ಯುದ್ಧಹಡಗು) ಆಗಿ ಬದಲಿಸಿದಾಗ ಹಿಂಭಾಗದ ಆಕಾರವನ್ನೇ ತಿದ್ದಿದರು, ತೋಪುಗಳ ಸಂಖ್ಯೆ ಇಳಿಸಿದರು. ಅದು ಇನ್ನೊಂದು ರೂಪ. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಈಗ ನಿಂತಿರುವ ಹಡಗಿನ ಫೋಟೊ ನೋಡಿ ಹಿಂಭಾಗ ಮಾಡಿ, 1817ರ ನಕ್ಷೆ ನೋಡಿ ಒಡಲು ಮಾಡಿದರೆ ಎರಡು ಕಾಲದ ಹಡಗುಗಳನ್ನು ಒಂದಕ್ಕೊಂದು ಅಂಟಿಸಿದಂತಾಗುತ್ತದೆ. ಈ ಹಡಗಿನ ಮಾದರಿಗಳಲ್ಲಿ ಕಾಣಸಿಗುವ ಅತಿ ದೊಡ್ಡ ತಪ್ಪು ಇದೇ.

ಇದು ಲೀಡಾ ವರ್ಗದ ಫ್ರಿಗೇಟ್. 1782ರಲ್ಲಿ ಸೆರೆಸಿಕ್ಕ ಫ್ರೆಂಚ್ ಹಡಗು ಎಬೆಯ ಗೆರೆಗಳನ್ನು ಆಧರಿಸಿದ ವಿನ್ಯಾಸ. ಈ ವರ್ಗದ ನಕ್ಷೆಗಳು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿವೆ. ಅದೇ ವರ್ಗದ ಯೂನಿಕಾರ್ನ್ 1824ರಲ್ಲಿ ನೀರಿಗಿಳಿದು ಈಗಲೂ ಡಂಡೀಯಲ್ಲಿದೆ. ಅದಕ್ಕೆ ಕೂವೆಕಂಬ, ಹಾಯಿ ಏರಿಸಲೇ ಇಲ್ಲ. ಹಾಗಾಗಿ ಹಗ್ಗದ ಕೆಲಸಕ್ಕೆ ಅದು ಆಧಾರವಾಗದು, ಒಡಲಿನ ಒಳಗಟ್ಟಿಗೆ ಮಾತ್ರ ಒಳ್ಳೆಯ ಆಧಾರ. ಟ್ರಿಂಕೋಮಲಿಗೆಂದು ಕಳಿಸಿದ್ದ ಮೊದಲ ನಕ್ಷೆಗಳು ಮುಂಬೈ ತಲುಪಲೇ ಇಲ್ಲ. ಅವನ್ನು ಹೊತ್ತ ಜಾವಾ ಎಂಬ ಹಡಗನ್ನು 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಕರಾವಳಿಯ ಆಚೆ ಅಮೆರಿಕದ ಯುದ್ಧಹಡಗು ಕಾನ್‌ಸ್ಟಿಟ್ಯೂಷನ್ ಸೋಲಿಸಿತು.

ಅಳತೆ: ಗನ್‌ಡೆಕ್ (ತೋಪುಗಳ ಸಾಲಿರುವ ಅಟ್ಟ) ಉದ್ದ 150 ಅಡಿ 4½ ಇಂಚು, ಅಗಲ 39 ಅಡಿ 11¼ ಇಂಚು. 1:72ರಲ್ಲಿ 636 ಮಿ.ಮೀ. ಮತ್ತು 169 ಮಿ.ಮೀ. ಮೂತಿಗಂಬ, ಅಡ್ಡಕಂಬ ಎಲ್ಲ ಸೇರಿದರೆ ಸುಮಾರು 105 ಸೆಂ.ಮೀ. ಉದ್ದ, 70 ಸೆಂ.ಮೀ. ಎತ್ತರ ಆಗುತ್ತದೆ. ಗಾಜಿನ ಪೆಟ್ಟಿಗೆಯ ಜಾಗವನ್ನು ಈಗಲೇ ಅಳೆದಿಡಿ.

ಹಲಗೆಗಾರ:
ನಕ್ಷೆಯಿಂದ ಕಟ್ಟುವವರು ಮರೆಯುವ ಒಂದು ಲೆಕ್ಕ. ಹಳೆಯ ನೌಕಾಪಡೆಯ ನಕ್ಷೆಗಳಲ್ಲಿನ ಅಡ್ಡಕೊಯ್ತದ ಗೆರೆ ಪಕ್ಕೆಲುಬಿನ ಹೊರಮೈಯದು. ಹಲಗೆ ಅದರ ಹೊರಗೆ ಬರುತ್ತದೆ. ಅಸಲಿ ತಳದ ಹಲಗೆ 3ರಿಂದ 4 ಇಂಚು ದಪ್ಪ, 1:72ರಲ್ಲಿ 1.1ರಿಂದ 1.4 ಮಿ.ಮೀ. ನಿಮ್ಮದು 1.5 ಮಿ.ಮೀ. ಒಳಪದರ, 0.6 ಮಿ.ಮೀ. ಹೊರಪದರ, ಒಟ್ಟು 2.1. ಹಾಗಾಗಿ ಬಲ್ಕ್‌ಹೆಡ್ ಅಂಚನ್ನು ಸುತ್ತಲೂ 0.8 ಮಿ.ಮೀ.ನಷ್ಟು ಒಳಗೆ ಕತ್ತರಿಸಬೇಕು. ಇಲ್ಲದಿದ್ದರೆ ಅಗಲ 169ರ ಬದಲು 170 ದಾಟುತ್ತದೆ. ಅದು ಕಣ್ಣಿಗೆ ಬೀಳಲಿಕ್ಕಿಲ್ಲ, ಆದರೆ ಮೂತಿಯಲ್ಲಿ ಹಲಗೆ ಓರೆಯಾಗಿ ಬರುವುದರಿಂದ ಅಲ್ಲಿ ದಪ್ಪ ಹೆಚ್ಚಾಗಿ ಸ್ಟೆಮ್ ಕಂಬದ (ಮೂತಿಯ ತುದಿಯ ಮರ) ಮೇಲೆ ಉಬ್ಬು ನಿಲ್ಲುತ್ತದೆ.

ಬಲ್ಕ್‌ಹೆಡ್ ನಡುವಿನ ಅಂತರ ಹೊಟ್ಟೆಭಾಗದಲ್ಲಿ 30–35 ಮಿ.ಮೀ. ಇರಲಿ, ಮೂತಿಯಲ್ಲಿ 20. ಮೂತಿಯ ಮತ್ತು ಹಿಂಭಾಗದ ಕೊನೆಯ ಎರಡು ಸಂದುಗಳಿಗೆ ಬಾಲ್ಸಾ ತುಂಬಿ ಆಕಾರಕ್ಕೆ ಉಜ್ಜಿ. ಮುಂದಿನ ಅರ್ಧದ ಬಲ್ಕ್‌ಹೆಡ್‌ಗಳಲ್ಲಿ ಹಿಂಬದಿಯ ಮುಖ ನಕ್ಷೆಯ ಗೆರೆಯ ಮೇಲೆ ನಿಲ್ಲಬೇಕು, ಓರೆ ಉಜ್ಜುವುದು ಮುಂಬದಿಯ ಅಂಚನ್ನು. ಹಿಂದಿನ ಅರ್ಧದಲ್ಲಿ ಇದಕ್ಕೆ ತಿರುಗಾಮುರುಗಾ. ಅಂಚಿಗೆಲ್ಲ ಮೊದಲೇ ಮೆತ್ತನೆಯ ಪೆನ್ಸಿಲ್ ಬಳಿದಿಡಿ. ಉಜ್ಜಿದ ಮೇಲೆ ಹಡಗಿನ ನಡುಭಾಗದ ಕಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಉಳಿದಿದ್ದರೆ ಸರಿ. ಅದೂ ಹೋಗಿದ್ದರೆ ಹೆಚ್ಚು ಉಜ್ಜಿದ್ದೀರಿ ಎಂದರ್ಥ. ಉಜ್ಜುವ ಕೋಲು ಒಂದೇ ಸಲಕ್ಕೆ ಮೂರು ಬಲ್ಕ್‌ಹೆಡ್ ಮುಟ್ಟುವಷ್ಟು ಉದ್ದವಿರಲಿ, 120 ನಂಬರಿನ ಕಾಗದ ಸಾಕು. ಆಮೇಲೆ 1.5×3 ಮಿ.ಮೀ. ಪಟ್ಟಿಯೊಂದನ್ನು ಒಡಲಿಗೆ ಬಗ್ಗಿಸಿ ಹಿಡಿದು ಹಿಂದಿನಿಂದ ಬೆಳಕು ಬಿಡಿ. ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ಬಲ್ಕ್‌ಹೆಡ್ ತಗ್ಗು, ಅರ್ಧ ಮಿ.ಮೀ. ವಿನಿಯರ್ ಅಂಟಿಸಿ ಮತ್ತೆ ಉಜ್ಜಿ. ಈ ಕೆಲಸಕ್ಕೆ ವಾರ ಹಿಡಿದರೆ ಹಿಡಿಯಲಿ. ಇಲ್ಲಿ ಬಿಟ್ಟ ತಗ್ಗು ತಾಮ್ರ ಹೊದಿಸಿದ ಮೇಲೆ ಬೆಳಕಿನಲ್ಲಿ ಎರಡರಷ್ಟಾಗಿ ಕಾಣುತ್ತದೆ.

ಈಗ ಮೂತಿಯ ಸಮಸ್ಯೆ. ಒಂದು ಕಾಗದದ ಪಟ್ಟಿಯನ್ನು ಅತಿ ಅಗಲದ ಬಲ್ಕ್‌ಹೆಡ್ ಮೇಲೆ ವೇಲ್‌ನಿಂದ (ಬದಿಯ ದಪ್ಪ ಹಲಗೆಪಟ್ಟಿ) ಕೀಲ್‌ವರೆಗೆ (ತಳದ ಬೆನ್ನೆಲುಬಿನ ಮರ) ಸುತ್ತಿ ಅಳೆಯಿರಿ. 150 ಮಿ.ಮೀ. ಬಂತು ಎಂದುಕೊಳ್ಳೋಣ. 5 ಮಿ.ಮೀ. ಅಗಲದ ಹಲಗೆ 30 ಸಾಲು ಬೇಕು. ಅದೇ ಅಳತೆ ಮೂತಿಯಲ್ಲಿ 95 ಮಿ.ಮೀ. ಮಾತ್ರ ಇದ್ದರೆ, ಆ 30 ಸಾಲೂ ಅಲ್ಲಿ 3.2 ಮಿ.ಮೀ.ಗೆ ಇಳಿಯಬೇಕು. ಇಳಿಸದೆ ಪೂರ್ತಿ ಅಗಲದ ಹಲಗೆಯನ್ನೇ ಒತ್ತಿ ಕೂರಿಸಿದರೆ ಅದಕ್ಕೆ ಜಾಗವಿಲ್ಲ, ಏರಿ ಕೂರುತ್ತದೆ. ನಿಮ್ಮ ಹಲಗೆ ಏರುತ್ತಿರುವುದಕ್ಕೆ ಕಾರಣ ಇದೇ, ಅಂಟಿನ ದೋಷವಲ್ಲ. ಹಲಗೆಯನ್ನು ಅರ್ಧಕ್ಕಿಂತ, ಅಂದರೆ 2.5 ಮಿ.ಮೀ.ಗಿಂತ ಸಣ್ಣ ಮಾಡಬೇಕಾಗಿ ಬಂದರೆ ಮಾತ್ರ ಎರಡು ಸಾಲನ್ನು ಒಂದಾಗಿಸಿ. ಹಿಂಭಾಗದಲ್ಲಿ ಇದಕ್ಕೆ ಉಲ್ಟಾ, ಅಲ್ಲಿ ಸುತ್ತಳತೆ ಹಿಗ್ಗುತ್ತದೆ, ಸಂದಿಗೆ ತ್ರಿಕೋನದ ತುಂಡು ಸೇರಿಸಬೇಕು.

ಇನ್ನೊಂದು: ಕೀಲ್‌ಗೆ ತಾಗುವ ಮೊದಲ ಹಲಗೆ ಸ್ಟೆಮ್ ಕಂಬದ ಬಾಗು ಹತ್ತಬಾರದು. ಬಾಗು ಶುರುವಾಗುವ ಮೊದಲೇ ಅದು ಮುಗಿಯಲಿ. ಅದು ಮೇಲೆ ಹತ್ತಿತೆಂದರೆ ಉಳಿದ 29 ಸಾಲೂ ಅದರ ಹಿಂದೆ ಹತ್ತುತ್ತವೆ.

ಹೊಸಹಾಯಿ:
ಸಣ್ಣದಾಗಿಸಿದ ಮೇಲೂ ಹಲಗೆಯ ಮೇಲಂಚು ಎದ್ದು ನಿಲ್ಲುತ್ತದೆ. ಅರ್ಧ ದಿನ ನೀರಿನಲ್ಲಿ ನೆನೆಸಿಟ್ಟ ಲೈಮ್‌ವುಡ್ ಅದು.

ಹಲಗೆಗಾರ:
ಅರ್ಧ ದಿನ ಬೇಡವೇ ಬೇಡ. ನೆನೆದ ಮರ ಅಗಲದಲ್ಲಿ ಉಬ್ಬುತ್ತದೆ, ಅಂಟಿಸಿ ಒಣಗಿದ ಮೇಲೆ ಕುಗ್ಗುತ್ತದೆ, ಸಾಲು ಸಾಲಿನ ನಡುವೆ ಸಂದು ಬೀಳುತ್ತದೆ. 15 ನಿಮಿಷ ಸಾಕು. ಬಗ್ಗಿಸುವುದು ನೀರಲ್ಲ, ಬಿಸಿ.

ಮೇಲಂಚು ಏಳುವುದು ಹಲಗೆಯನ್ನು ಅಡ್ಡ ಅಂಚಿನ ದಿಕ್ಕಿಗೆ ಬಲವಂತವಾಗಿ ಎಳೆದಾಗ. ಒಡಲಿನ ಮೇಲೆ ಎಳೆಯುವ ಬದಲು ಮೇಜಿನ ಮೇಲೆ ಬಗ್ಗಿಸಿ. ಹಲಗೆಯ ಒಂದು ತುದಿಯನ್ನು ಕ್ಲಾಂಪ್‌ನಲ್ಲಿ ಮೇಜಿಗೆ ಚಪ್ಪಟೆಯಾಗಿ ಹಿಡಿಸಿ. ಇನ್ನೊಂದು ತುದಿಯನ್ನು ಬೇಕಾದ ಬಾಗಿಗಿಂತ ಸ್ವಲ್ಪ ಹೆಚ್ಚು ಪಕ್ಕಕ್ಕೆ ಎಳೆದು ಅದಕ್ಕೂ ಕ್ಲಾಂಪ್ ಹಾಕಿ. ನಡುವೆ ಏಳದಂತೆ ಮೇಲೊಂದು ಮರದ ತುಂಡು ಒತ್ತಿಡಿ. ಹೇರ್ ಡ್ರೈಯರ್ ಅಥವಾ ಸಣ್ಣ ಇಸ್ತ್ರಿಪೆಟ್ಟಿಗೆಯಿಂದ ಒಂದೆರಡು ನಿಮಿಷ ಬಿಸಿ ಕೊಟ್ಟು, ಪೂರ್ತಿ ತಣಿಯುವವರೆಗೆ ಮುಟ್ಟದಿರಿ. ಬಿಚ್ಚಿದಾಗ ಅದು ಬಾಳೆಹಣ್ಣಿನಂತೆ ಬಾಗಿರುತ್ತದೆ. ಆಮೇಲೆ ಮೂತಿಯ ಸುತ್ತಿಗೆ ಇನ್ನೊಂದು ದಿಕ್ಕಿನಲ್ಲಿ ಬಗ್ಗಿಸಿ. ಒಡಲ ಮೇಲೆ ಇಟ್ಟಾಗ ಎರಡು ಬೆರಳಿನ ಒತ್ತಡಕ್ಕೆ ತಾನಾಗಿ ಕೂರಬೇಕು. ಪಿನ್ ಹೊಡೆದು ಹಿಡಿಸಬೇಕಾಗಿ ಬಂದರೆ ಆಕಾರ ಇನ್ನೂ ಸರಿಯಾಗಿಲ್ಲ.

ಕೀಲ್‌ನ ಹಿಂತುದಿಯಲ್ಲೂ ಕೆಲಸವಿದೆ. ಒಳಗಿನ ಪ್ಲೈವುಡ್ 5 ಮಿ.ಮೀ., ಚುಕ್ಕಾಣಿ ಹಿಡಿಯುವ ಸ್ಟರ್ನ್ ಕಂಬವೂ 5 ಮಿ.ಮೀ. ಇದ್ದರೆ ಎರಡೂ ಬದಿಯ ಹಲಗೆ ಸೇರಿ 9 ಮಿ.ಮೀ. ಆಗುತ್ತದೆ, ಚುಕ್ಕಾಣಿಗಿಂತ ಒಡಲೇ ದಪ್ಪ. ಅಲ್ಲಿ ಪ್ಲೈವುಡ್ಡನ್ನು 2 ಮಿ.ಮೀ.ಗೆ ಇಳಿಸಿ, ಒಳಪದರದ ತುದಿಯನ್ನು ಅರ್ಧ ದಪ್ಪಕ್ಕೆ ಉಜ್ಜಿ. ಬಲ್ಕ್‌ಹೆಡ್ ಅಂಟಿಸುವ ಮೊದಲೇ ಇದು ಮುಗಿಯಲಿ, ಆಮೇಲೆ ಉಳಿ ಆಡಿಸಲು ಜಾಗವಿರದು.

ಮಂಜಿ_ಮಲ್ಪೆ:
ಮರದ ಪ್ರಶ್ನೆಗೆ. ಸಾಗುವಾನಿ ಬೇಡ. ಅಸಲಿ ಹಡಗು ಸಾಗುವಾನಿ ಎನ್ನುವುದು ನಿಜ, ಅದು ಇನ್ನೂ ತೇಲುತ್ತಿರುವುದಕ್ಕೆ ಆ ಮರವೂ ಕಾರಣ. ಆದರೆ ಮರವನ್ನು 72 ಪಾಲು ಕುಗ್ಗಿಸಲು ಆಗದು. ಸಾಗುವಾನಿಯ ರಂಧ್ರ ಮತ್ತು ನಾರಿನ ಗೆರೆ 1:72ರಲ್ಲಿ ಬೆರಳು ತೂರುವ ಬಿರುಕಿನಂತೆ ಕಾಣುತ್ತವೆ. ಮೇಲಾಗಿ ಅದರ ಎಣ್ಣೆ ಅಂಟನ್ನು ಹಿಡಿಯಲು ಬಿಡುವುದಿಲ್ಲ, ಒಳಗಿನ ಸಿಲಿಕಾ ಬ್ಲೇಡನ್ನು ಮೊಂಡು ಮಾಡುತ್ತದೆ.

ನಮ್ಮಲ್ಲೇ ಇರುವ ಒಳ್ಳೆಯ ಮರ ಎಂದರೆ ಆಲೆಮರ, ಚನ್ನಪಟ್ಟಣದ ಗೊಂಬೆಯ ಮರ. ಬಿಳಿ, ನಯ, ಗೆರೆಯೇ ಕಾಣದಷ್ಟು ಸೂಕ್ಷ್ಮ. ಡೆಕ್ ಹಲಗೆ, ರಾಟೆಗಳು, ಡೆಡ್‌ಐ (ಹಗ್ಗ ಬಿಗಿಯುವ ಮೂರು ತೂತಿನ ಬಿಲ್ಲೆ), ಕೆತ್ತನೆ ಎಲ್ಲಕ್ಕೂ ಒಗ್ಗುತ್ತದೆ. ಚೆನ್ನಾಗಿ ಒಣಗಿದ ತುಂಡನ್ನೇ ತನ್ನಿ. ಒಡಲಿನ ಹೊರಪದರಕ್ಕೆ ಅರಿಶಿನ ತೇಗ ನೋಡಿ. ಹೆಸರಿನಲ್ಲಿ ತೇಗ ಇದ್ದರೂ ಬೇರೆಯೇ ಮರ, ಹಳದಿ ಬಣ್ಣ, ಸಣ್ಣ ರಂಧ್ರ. ನೀರಿನ ಗೆರೆಯ ಕೆಳಗೆ ತಾಮ್ರ, ಮೇಲೆ ಬಣ್ಣ ಬರುವುದರಿಂದ ಹೊರಪದರಕ್ಕೆ ದುಬಾರಿ ಮರ ತರುವ ಅಗತ್ಯವೇ ಇಲ್ಲ. ದುಡ್ಡು ಡೆಕ್ಕಿಗೆ ಇರಲಿ.

ಡೆಕ್ ಹಲಗೆ 10 ಇಂಚು ಅಗಲ, 24 ಅಡಿ ಉದ್ದ ಎಂದು ಹಿಡಿದರೆ 3.5×100 ಮಿ.ಮೀ. ನಾಲ್ಕು ಸಾಲಿಗೊಮ್ಮೆ ಜೋಡಣೆಯ ಜಾಗ ಮರುಕಳಿಸಲಿ. ಸಂದಿನ ಕಪ್ಪಿಗೆ ಹಲಗೆಯ ಒಂದು ಅಂಚಿಗೆ ಮಾತ್ರ 2ಬಿ ಪೆನ್ಸಿಲ್ ಉಜ್ಜಿ. ಮಾರ್ಕರ್ ಪೆನ್ ಬಳಿದರೆ ಶಾಯಿ ನಾರಿನೊಳಗೆ ಹರಡುತ್ತದೆ, ಮೇಲೆ ವಾರ್ನಿಷ್ ಬಿದ್ದಾಗ ಇನ್ನಷ್ಟು.

ತಾಮ್ರಪಟ್ಟಿ:
ಅಸಲಿ ತಗಡು 4 ಅಡಿ ಉದ್ದ, 14 ಇಂಚು ಅಗಲ. 1:72ರಲ್ಲಿ 17×5 ಮಿ.ಮೀ. ಈ ಒಡಲಿಗೆ ಎರಡೂ ಬದಿ ಸೇರಿ 1,500ರ ಆಸುಪಾಸು ಬೇಕಾಗುತ್ತದೆ. ಹಾಳಾಗುವುದನ್ನು ಸೇರಿಸಿ 1,800 ಕತ್ತರಿಸಿಡಿ. ಬಣ್ಣದ ಗಾಜಿನ ಕೆಲಸದವರು ಬಳಸುವ 5 ಮಿ.ಮೀ. ಅಗಲದ ಅಂಟುಳ್ಳ ತಾಮ್ರದ ಟೇಪ್ ಸರಿಯಾಗಿ ಹೊಂದುತ್ತದೆ.

ಮೊಳೆಯ ಉಬ್ಬು ಅಚ್ಚೊತ್ತಿದ ಪ್ಲೇಟ್‌ಗಳನ್ನು ಕೊಳ್ಳಬೇಡಿ. ಅಸಲಿ ತಗಡಿನ ದಪ್ಪವೇ ಸುಮಾರು 1 ಮಿ.ಮೀ. ಇದ್ದು, ಮೊಳೆಯ ತಲೆ ಅದಕ್ಕೆ ಸಮನಾಗಿ ಕೂರುತ್ತಿತ್ತು. ಮಾದರಿಯ ಮೇಲೆ ಅರ್ಧ ಮಿ.ಮೀ. ಗುಬುಟು ಎಂದರೆ ಅಸಲಿಯಲ್ಲಿ 36 ಮಿ.ಮೀ. ಗುಬುಟು ಇದ್ದಂತೆ ಕಾಣುತ್ತದೆ. ಬರಿಯ ತಗಡು ಸಾಕು.

ಕ್ರಮ: ಒಡಲಿಗೆ ಮೊದಲು ಸ್ಯಾಂಡಿಂಗ್ ಸೀಲರ್ ಅಥವಾ ಅರಗಿನ ಪಾಲಿಶ್ ಎರಡು ಕೈ, 320 ನಂಬರಿನಲ್ಲಿ ಉಜ್ಜಿ ಧೂಳು ಒರೆಸಿ. ಬರಿ ಮರದ ಮೇಲೆ ಟೇಪ್ ಒಂದು ಮಳೆಗಾಲವೂ ನಿಲ್ಲುವುದಿಲ್ಲ, ಅಂಚಿನಿಂದ ಸುರುಳಿ ಏಳುತ್ತದೆ. ಕೀಲ್ ಬಳಿ ಹಿಂಭಾಗದಿಂದ ಶುರುಮಾಡಿ ಮುಂದಕ್ಕೆ ಬನ್ನಿ. ಮುಂದಿನ ತಗಡಿನ ಹಿಂತುದಿ ಹಿಂದಿನದರ ಮೇಲೆ ಅರ್ಧ ಮಿ.ಮೀ. ಕೂರಬೇಕು, ಆಗ ನೀರಿನ ಹರಿವಿಗೆ ಅಂಚು ಎದುರಾಗುವುದಿಲ್ಲ. ಸಾಲುಗಳು ಇಟ್ಟಿಗೆ ಗೋಡೆಯಂತೆ ಅರ್ಧರ್ಧ ಸರಿದಿರಲಿ. ಹತ್ತಿ ಕೈಗವಸು ಹಾಕಿಯೇ ಮುಟ್ಟಿ. ಬೆವರಿನ ಬೆರಳಚ್ಚು ಇಂದು ಕಾಣದು, ವಾರದ ಮೇಲೆ ಕಂದು ಕಲೆಯಾಗಿ ಎದ್ದುಬರುತ್ತದೆ. ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ವಾರ್ನಿಷ್ ಹಾಕದೆ ಬಿಟ್ಟರೆ ತಾಮ್ರ ತಾನಾಗಿ ಕಂದಾಗುತ್ತದೆ, ಅದೇ ಚೆಂದ.

ಮಂಜಿ_ಮಲ್ಪೆ:
ಕೊನೆಯ ಮಾತನ್ನು ಕರಾವಳಿಗೆ ಒಪ್ಪಲಾರೆ. ಇಲ್ಲಿ ಉಪ್ಪುಗಾಳಿಗೆ ಬರಿ ತಾಮ್ರ ಸಮವಾಗಿ ಕಂದಾಗುವುದಿಲ್ಲ, ಅಲ್ಲಲ್ಲಿ ಹಸಿರು ಚುಕ್ಕೆ ಏಳುತ್ತದೆ. ಬೇಕಾದಷ್ಟು ಕಂದಾದ ಕೂಡಲೇ ಮ್ಯಾಟ್ ಲ್ಯಾಕರ್ ತೆಳುವಾಗಿ ಒಂದು ಕೈ ಸಿಂಪಡಿಸಿ. ಬೆಂಗಳೂರಿನಲ್ಲಿ ಇಡುವವರು ಹಾಗೇ ಬಿಡಬಹುದು.

ತಾಮ್ರಪಟ್ಟಿ:
ಸರಿ, ಉಪ್ಪುಗಾಳಿ ಇರುವಲ್ಲಿ ಲ್ಯಾಕರ್ ಬೇಕು. ಹೊಳಪಿನ ಲ್ಯಾಕರ್ ಮಾತ್ರ ಬೇಡ.

ನೂಲೇಣಿ:
ಹಗ್ಗಕ್ಕೆ ಬರೋಣ. ಹಳೆಯ ಪಟ್ಟಿಗಳಲ್ಲಿ ಹಗ್ಗದ ಅಳತೆ ಇಂಚಿನಲ್ಲಿರುತ್ತದೆ, ಆದರೆ ಅದು ಸುತ್ತಳತೆ, ವ್ಯಾಸವಲ್ಲ. ಇದನ್ನು ವ್ಯಾಸ ಎಂದುಕೊಂಡರೆ ಮಾದರಿಯ ಹಗ್ಗ ಮೂರು ಪಟ್ಟು ದಪ್ಪವಾಗುತ್ತದೆ. 1:72ಕ್ಕೆ ಸೂತ್ರ ಸರಳ: ಇಂಚನ್ನು 0.112ರಿಂದ ಗುಣಿಸಿ, ಮಿ.ಮೀ. ವ್ಯಾಸ ಸಿಗುತ್ತದೆ. 12 ಇಂಚಿನ ಹಗ್ಗ 1.35 ಮಿ.ಮೀ., 3 ಇಂಚಿನದು 0.34, ಏಣಿಮೆಟ್ಟಿಲಿನ 1½ ಇಂಚಿನದು 0.17. ರಾಟೆಯ ಉದ್ದ ಹಗ್ಗದ ಸುತ್ತಳತೆಯ ಮೂರರಷ್ಟು ಎಂಬ ಹಳೆಯ ಲೆಕ್ಕ ಹಿಡಿಯಿರಿ. 3 ಇಂಚಿನ ಹಗ್ಗಕ್ಕೆ 9 ಇಂಚಿನ ರಾಟೆ, ಮಾದರಿಯಲ್ಲಿ 3.2 ಮಿ.ಮೀ. ಕಿಟ್‌ಗಳಲ್ಲಿ ಬರುವ 5 ಮಿ.ಮೀ. ರಾಟೆಯನ್ನು ಎಲ್ಲ ಕಡೆ ಕಟ್ಟಿದ ಮಾದರಿ ದೂರದಿಂದಲೇ ಭಾರವಾಗಿ ಕಾಣುವುದು ಇದರಿಂದ.

ದಾರ: ಪಾಲಿಯೆಸ್ಟರ್. ಹತ್ತಿ ಮತ್ತು ಲಿನನ್ ದಾರ ತೇವಕ್ಕೆ ಬಿಗಿಯಾಗುತ್ತದೆ, ಬೇಸಿಗೆಗೆ ಸಡಿಲವಾಗುತ್ತದೆ. ಜುಲೈನಲ್ಲಿ ಬಿಗಿದು ಕಟ್ಟಿದ್ದು ಮಾರ್ಚ್‌ನಲ್ಲಿ ಜೋಲುತ್ತದೆ. ನಿಂತ ಹಗ್ಗಗಳಿಗೆ (ಕಂಬವನ್ನು ಹಿಡಿದಿಡುವವು) ಟಾರು ಬಳಿಯುತ್ತಿದ್ದರು, ಹಾಗಾಗಿ ಗಾಢ ಕಂದು. ಓಡುವ ಹಗ್ಗ (ಹಾಯಿ ಎಳೆಯುವವು) ತಿಳಿ ಕಂದು, ಬಿಳಿ ಎಲ್ಲಿಯೂ ಬೇಡ.

ಶ್ರೌಡ್ (ಕೂವೆಕಂಬವನ್ನು ಎರಡೂ ಬದಿಯಿಂದ ಹಿಡಿದಿಡುವ ಹಗ್ಗ) ಕಟ್ಟುವುದು ಜೋಡಿ ಜೋಡಿಯಾಗಿ. ಮೊದಲು ಬಲಬದಿಯ ಮುಂದಿನ ಜೋಡಿ, ನಂತರ ಎಡಬದಿಯ ಮುಂದಿನ ಜೋಡಿ, ಹೀಗೆ ಅತ್ತಿತ್ತ. ಒಂದೇ ಬದಿ ಮುಗಿಸಿ ಇನ್ನೊಂದಕ್ಕೆ ಹೋದರೆ ಕೂವೆಕಂಬ ವಾಲುತ್ತದೆ. ಡೆಡ್‌ಐಗಳು ಮೇಲಿನದು ಕೆಳಗಿನದರ ಕನ್ನಡಿಬಿಂಬ: ಎರಡೆರಡು ತೂತಿನ ಬದಿ ಎದುರುಬದುರು, ಒಂಟಿ ತೂತು ಹೊರಕ್ಕೆ. ಅಂತರ ಒಂದೇ ಇರಲು ಹಿತ್ತಾಳೆ ತಂತಿಯನ್ನು ಉದ್ದನೆಯ ಸ್ಟೇಪಲ್‌ನಂತೆ ಬಗ್ಗಿಸಿ. ಒಂದು ಕಾಲು ಕೆಳ ಡೆಡ್‌ಐಯ ತೂತಿಗೆ, ಇನ್ನೊಂದು ಮೇಲಿನದಕ್ಕೆ ಸಿಕ್ಕಿಸಿ, ಶ್ರೌಡನ್ನು ಸುತ್ತಿ ಬಿಗಿದು ಕಟ್ಟು ಹಾಕಿ. ಇಡೀ ಸಾಲಿಗೆ ಅದೇ ತಂತಿ.

ಏಣಿಮೆಟ್ಟಿಲು 13 ಇಂಚಿಗೊಂದು, ಅಂದರೆ 4.6 ಮಿ.ಮೀ. ಗೆರೆ ಎಳೆದ ಕಾಗದವನ್ನು ಶ್ರೌಡ್ ಹಿಂದೆ ಇಟ್ಟುಕೊಳ್ಳಿ. ನಡುವಿನ ಶ್ರೌಡ್‌ಗಳಿಗೆ ಕ್ಲೋವ್ ಹಿಚ್ ಗಂಟು, ಎರಡು ತುದಿಯವಕ್ಕೆ ಸಣ್ಣ ಕಣ್ಣು ಮಾಡಿ ಕಟ್ಟಬೇಕು. ಗಂಟು ಎಳೆದಾಗ ಹೊರಗಿನ ಶ್ರೌಡ್‌ಗಳು ಒಳಕ್ಕೆ ಬರುತ್ತವೆ, ಏಣಿ ಡಮರುವಿನ ಆಕಾರಕ್ಕೆ ತಿರುಗುತ್ತದೆ. ಇದನ್ನು ತಡೆಯಲು ಕಟ್ಟುವಷ್ಟು ಹೊತ್ತು ಶ್ರೌಡ್‌ಗಳಿಗೆ ಅಡ್ಡಲಾಗಿ ಎರಡು ಮೂರು ಕಡೆ ತೆಳು ಕಡ್ಡಿ ಬಿಗಿದಿರಿ.

ಕೂವೆಕಂಬ:
ಕಂಬಕ್ಕೆ ದುಂಡು ಕಡ್ಡಿ ಕೊಂಡು ತರಬೇಡಿ, ನಾರು ಓರೆಯಿದ್ದರೆ ಒಂದು ವರ್ಷದಲ್ಲಿ ಬಾಗುತ್ತದೆ. ಚೌಕ ಪಟ್ಟಿಯಿಂದ ಶುರುಮಾಡಿ. ಮೊದಲು ಚೌಕವಿರುವಾಗಲೇ ಸಣ್ಣದಾಗುವ ಆಕಾರ ಕೊಡಿ, ನಂತರ ಎಂಟುಮೂಲೆ. ಅದಕ್ಕೆ ಪ್ರತಿ ಮುಖವನ್ನು 7:10:7ರಂತೆ ಗುರುತಿಸಿ. 12 ಮಿ.ಮೀ. ಚೌಕದಲ್ಲಿ 3.5, 5, 3.5. ಮೂಲೆ ಹೆರೆದು, ಹದಿನಾರು ಮಾಡಿ, ಆಮೇಲೆ ಉಜ್ಜಿ ದುಂಡಗಾಗಿಸಿ. ಯಾರ್ಡ್, ಅಂದರೆ ಹಾಯಿ ಕಟ್ಟುವ ಅಡ್ಡಕಂಬ, ನೇರ ಗೆರೆಯಲ್ಲಿ ಸಣ್ಣದಾಗುವುದಿಲ್ಲ. ನಡುವಿನಿಂದ ತುದಿಯವರೆಗೆ ನಾಲ್ಕು ಪಾಲು ಮಾಡಿದರೆ ವ್ಯಾಸ ನಡುವಿನದರ 30/31, 7/8, 7/10, ತುದಿಯಲ್ಲಿ 3/7. ಸೀಸದಕಡ್ಡಿಯಂತೆ ನೇರ ಮೊನೆ ಮಾಡಿದ ಯಾರ್ಡ್ ಮುಳ್ಳಿನಂತೆ ಕಾಣುತ್ತದೆ.

ಮಂಜಿ_ಮಲ್ಪೆ:
ತೇವದ ಬಗ್ಗೆ. ಒಳಗಿನ ಪ್ಲೈವುಡ್ ಮರೀನ್ ಗ್ರೇಡ್ ಇರಲಿ, ಬಲ್ಕ್‌ಹೆಡ್‌ಗಳ ಒಳಮೈಗೂ ಸೀಲರ್ ಬಳಿಯಿರಿ. ಹೊರಗೆ ಮಾತ್ರ ಬಳಿದರೆ ಮರ ಒಳಗಿನಿಂದ ತೇವ ಕುಡಿದು ಸೀಳುತ್ತದೆ. ಹಲಗೆಗೆ ನೀರು ತಡೆಯುವ ಬಿಳಿ ಅಂಟು. ಸೂಪರ್ ಗ್ಲೂ ತುದಿ ಹಿಡಿಸಲು ಒಂದು ಹನಿ ಸಾಕು, ಪೂರ್ತಿ ಅದರಲ್ಲೇ ಅಂಟಿಸಿದರೆ ಮರ ಹಿಗ್ಗಿ ಕುಗ್ಗುವಾಗ ಗಾಜಿನಂತೆ ಬಿರುಕು ಬಿಡುತ್ತದೆ.

ಹೆಚ್ಚಿನವರಿಗೆ ಗೊತ್ತಿರದ ಅಪಾಯ ಸೀಸ. ಅಚ್ಚು ಹೊಯ್ದ ತೋಪು, ಲಂಗರು ಸೀಸದ ಮಿಶ್ರಲೋಹದ್ದಾಗಿದ್ದರೆ, ಮುಚ್ಚಿದ ಪೆಟ್ಟಿಗೆಯಲ್ಲಿ ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಓಕ್ ಬಿಡುವ ಅಸಿಟಿಕ್ ಆಮ್ಲದ ಆವಿಗೆ ಅದು ಬಿಳಿ ಪುಡಿಯಾಗುತ್ತ ಹೋಗುತ್ತದೆ. ಬಣ್ಣ ಅದನ್ನು ತಡೆಯದು. ಆ ಪುಡಿ ವಿಷ, ಬರಿಗೈಯಲ್ಲಿ ಮುಟ್ಟಬಾರದು. ಗನ್‌ಡೆಕ್‌ನ 28 ತೋಪುಗಳನ್ನು ಹಿತ್ತಾಳೆಯಲ್ಲಿ ಕಡೆಸಿ. ಪೆಟ್ಟಿಗೆಯ ತಳಕ್ಕೆ ಎಂಡಿಎಫ್ ಬೇಡ, ಅಕ್ರಿಲಿಕ್ ಇರಲಿ. ಕೆಳಗೊಂದು ಮೇಲೊಂದು ಗಾಳಿಯ ತೂತು, ಅದಕ್ಕೆ ಸೂಕ್ಷ್ಮ ಜಾಲರಿ. ಸಿಲಿಕಾ ಜೆಲ್ ಇಡುವುದಾದರೆ ಮಳೆಗಾಲದಲ್ಲಿ ಬಣ್ಣ ಬದಲಾದ ಕೂಡಲೇ ಒಣಗಿಸಿ ಇಡಬೇಕು.

ಹೊಸಹಾಯಿ:
ತುಂಬ ಉಪಕಾರ. ಉಳಿದದ್ದು ತೋಪಿನ ಕಿಂಡಿ. ಹಲಗೆ ಹೊದಿಸಿದ ಮೇಲೆ ಕೊರೆಯಬೇಕೋ, ಮೊದಲೇ ಚೌಕಟ್ಟು ಕಟ್ಟಬೇಕೋ?

ಹಲಗೆಗಾರ:
ಮೊದಲೇ. ಡೆಕ್ಕಿನ ಮಟ್ಟವನ್ನು ಒಡಲಿನ ಹೊರಗೆ ಗುರುತಿಸಿ, ಅದರ ಮೇಲೆ 8 ಮಿ.ಮೀ.ಗೆ ಒಂದು ತೆಳು ಪಟ್ಟಿಯನ್ನು ಮೂತಿಯಿಂದ ಹಿಂಭಾಗದವರೆಗೆ ಬಗ್ಗಿಸಿ ಪಿನ್ ಮಾಡಿ. ಕಿಂಡಿಯ ಕೆಳಚೌಕಟ್ಟುಗಳು ಆ ಪಟ್ಟಿಯ ಮೇಲೇ ಕೂರಲಿ. ಕೆಳಗಿನ ಮತ್ತು ಮೇಲಿನ ಅಂಚು ಡೆಕ್ಕಿನ ಬಾಗನ್ನು ಅನುಸರಿಸುತ್ತವೆ, ಪಕ್ಕದ ಎರಡು ಅಂಚು ಮಾತ್ರ ಕೀಲ್‌ಗೆ ಲಂಬ. ಹಾಗಾಗಿ ತುದಿಗಳ ಕಿಂಡಿ ಪೂರ್ತಿ ಚೌಕವಲ್ಲ, ತುಸು ವಾಲಿದ ಚೌಕ. ನಾಲ್ಕೂ ಮೂಲೆಗೆ ಮೂಲೆಮಟ್ಟ ಹಿಡಿದು 90 ಡಿಗ್ರಿ ಮಾಡಿದರೆ ಸಾಲು ಗರಗಸದ ಹಲ್ಲಿನಂತೆ ಕಾಣುತ್ತದೆ. ಎಲ್ಲ ಚೌಕಟ್ಟು ಅಂಟಿಸುವ ಮೊದಲು ಗಾಡಿಸಮೇತ ಒಂದು ತೋಪನ್ನು ಡೆಕ್ಕಿನ ಮೇಲಿಟ್ಟು ನೋಡಿ. ಕೊಳವೆಯ ನಡು ಕಿಂಡಿಯ ನಡುವಿಗೆ ಬರಬೇಕು. ಬರದಿದ್ದರೆ ಪಟ್ಟಿಯನ್ನು ಈಗಲೇ ಮೇಲೆ ಕೆಳಗೆ ಸರಿಸಿ.